ಸ್ನೋ ಪ್ಲೋ ಕೆಲಸಕ್ಕೆ ಹೊಸ ಹೆವಿ ಡ್ಯೂಟಿ ಪಿಕಪ್ ಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಅಮೆರಿಕದ ಉತ್ತರ ಭಾಗದಲ್ಲಿ, ಕೆನಡಾದಲ್ಲಿ ರಾತ್ರಿ ಹಿಮ ಬಿದ್ದರೆ ಬೆಳಗ್ಗೆ ಜನ ಏಳುವುದರೊಳಗೆ ಅಂಗಡಿ ಮುಂದಿನ ಪಾರ್ಕಿಂಗ್, ಕ್ಲಿನಿಕ್ಕಿನ ದಾರಿ, ಮೋಟೆಲ್ ಅಂಗಳ, ಮನೆಗಳ ಡ್ರೈವ್‌ವೇ ಎಲ್ಲ ತೆರವಾಗಿರಬೇಕು. ಹೆದ್ದಾರಿಗಳನ್ನು ಸರ್ಕಾರದ ದೊಡ್ಡ ಲಾರಿಗಳು ನೋಡಿಕೊಳ್ಳುತ್ತವೆ. ಉಳಿದ ಜಾಗಗಳಲ್ಲಿ ಬಹುಪಾಲು ದುಡಿಯುವುದು ಪಿಕಪ್ ಟ್ರಕ್‌ಗಳು, ಮುಂದೆ ಹಿಮ ತಳ್ಳುವ ಒಂದು ಬ್ಲೇಡ್, ಅಂದರೆ ಪ್ಲೋ, ಕಟ್ಟಿಕೊಂಡು. ಈ ಕೆಲಸಕ್ಕೆ ಅಂತಲೇ ಹೊಸ ಟ್ರಕ್ ತಗೊಳ್ಳಲು ಹೊರಟವರಿಗೆ ಈ ಬರಹ. ಡೆಟ್ರಾಯ್ಟ್, ಮಿನ್ನಿಯಾಪೊಲಿಸ್, ಬಫಲೋ, ಟೊರಾಂಟೋ ಕಡೆ ಇದ್ದು, ಸ್ವಂತ ಮೋಟೆಲ್ಲೋ ಗ್ಯಾಸ್ ಸ್ಟೇಷನ್ನೋ ನಡೆಸುತ್ತಾ, "ಪ್ರತಿ ಸಲ ಬೇರೆಯವರಿಗೆ ದುಡ್ಡು ಕೊಡೋ ಬದಲು ನಾವೇ ಯಾಕೆ ಮಾಡಬಾರದು" ಅಂತ ಯೋಚಿಸುತ್ತಿರುವ ಕನ್ನಡಿಗರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಊರಲ್ಲಿ ಪಿಕಪ್ ಅಂದರೆ ನಮ್ಮ ಕಣ್ಮುಂದೆ ಬರುವುದು ಬೊಲೆರೊ ಪಿಕಪ್. ಇಲ್ಲಿನ ಹೆವಿ ಡ್ಯೂಟಿ ಪಿಕಪ್ ಬೇರೆಯೇ ಗಾತ್ರದ್ದು. ಖಾಲಿ ಗಾಡಿಯೇ ಸುಮಾರು 3 ಟನ್ ತೂಗುತ್ತದೆ. ಇಷ್ಟು ದೊಡ್ಡ ಗಾಡಿ ಏನನ್ನಾದರೂ ಹೊರುತ್ತದೆ ಅಂತ ಅನಿಸುವುದು ಸಹಜ. ಆದರೆ ಪ್ಲೋ ಕೂರುವುದು ಗಾಡಿಯ ಮೂತಿಯ ಮೇಲೆ. ಅಲ್ಲಿ ಹೊರುವ ಶಕ್ತಿಗೆ ಒಂದು ಮಿತಿ ಇದೆ, ಆ ಮಿತಿ ಪ್ರತಿ ಗಾಡಿಗೂ ಬೇರೆ.

ಹೆಚ್ಚಿನವರು ಮೊದಲು ಟ್ರಕ್ ಇಷ್ಟಪಟ್ಟು, ಕೊಂಡು, ಆಮೇಲೆ ಅದಕ್ಕೆ ಪ್ಲೋ ಹುಡುಕುತ್ತಾರೆ. ಇದು ಉಲ್ಟಾ. ಮೊದಲು ಕೆಲಸ ಗೊತ್ತಾಗಬೇಕು, ಆಮೇಲೆ ಆ ಕೆಲಸಕ್ಕೆ ಬೇಕಾದ ಪ್ಲೋ, ಕೊನೆಗೆ ಆ ಪ್ಲೋ ಹೊರಬಲ್ಲ ಟ್ರಕ್.

ಹೆಜ್ಜೆ 1: ಯಾವ ಕೆಲಸ ಅಂತ ಮೊದಲು ಬರೆದಿಡಿ

ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆಯಿರಿ. ಎಂಥ ಜಾಗಗಳು? ಎಷ್ಟು ದೊಡ್ಡವು? ಹಿಮ ಕರಗಿಸಲು ಉಪ್ಪು ಹಾಕುವ ಕೆಲಸವೂ ನಿಮ್ಮದೇನಾ? ಬೇಸಿಗೆಯಲ್ಲಿ ಈ ಟ್ರಕ್ ಏನು ಮಾಡುತ್ತದೆ?

ಬರೀ ಮನೆಗಳ ಡ್ರೈವ್‌ವೇ ಆದರೆ ಏಳೂವರೆ ಅಥವಾ 8 ಅಡಿಯ ನೇರ ಬ್ಲೇಡ್, ಚಿಕ್ಕದಾಗಿ ತಿರುಗುವ ಗಾಡಿ ಸಾಕು. ಗ್ಯಾರೇಜ್ ಬಾಗಿಲು, ಅಂಚೆ ಡಬ್ಬಿ, ನಿಂತ ಕಾರು ಇವುಗಳ ಮಧ್ಯೆ ಹಿಂದೆ ಮುಂದೆ ಮಾಡಬೇಕಾದಾಗ ಗಾಡಿ ಉದ್ದ ಜಾಸ್ತಿ ಆದಷ್ಟೂ ತಲೆಬಿಸಿ. ಅಂಗಡಿ ಸಾಲಿನ ಪಾರ್ಕಿಂಗ್ ಆದರೆ ಲೆಕ್ಕ ಬೇರೆ. ಅಲ್ಲಿ ಒಂದು ಸಲಕ್ಕೆ ಎಷ್ಟು ಅಗಲ ತಳ್ಳುತ್ತೀರಿ ಅನ್ನುವುದೇ ನಿಮ್ಮ ಸಂಪಾದನೆ.

ನಿಮ್ಮ ಊರಿನ ಹಿಮದ ಸ್ವಭಾವವನ್ನೂ ನೋಡಿ. ಒಣ ಹೊಸ ಹಿಮ ಹಗುರ. ಕರಗಲು ಶುರುವಾದ ಒದ್ದೆ ಹಿಮ ಅದರ ಮೂರು ನಾಲ್ಕು ಪಟ್ಟು ತೂಗುತ್ತದೆ. ಬಫಲೋ ಸುತ್ತ, ಮಿಷಿಗನ್‌ನ ಅಪ್ಪರ್ ಪೆನಿನ್ಸುಲಾದಲ್ಲಿ ದೊಡ್ಡ ಸರೋವರಗಳ ಮೇಲಿಂದ ಬೀಸುವ ಗಾಳಿ ಒಂದೇ ಪಟ್ಟಿಯಲ್ಲಿ ಗಂಟೆಗಟ್ಟಲೆ ಹಿಮ ಸುರಿಸುತ್ತದೆ. 2022ರ ನವೆಂಬರ್‌ನಲ್ಲಿ ಬಫಲೋ ಪಕ್ಕದ ಆರ್ಚರ್ಡ್ ಪಾರ್ಕ್‌ನಲ್ಲಿ 6 ಅಡಿಗಿಂತ ಜಾಸ್ತಿ ಬಿತ್ತು. ಅಷ್ಟು ಬಿದ್ದ ಮೇಲೆ ಯಾವ ಪಿಕಪ್ಪೂ ಏನೂ ಮಾಡಲಾರದು, ಲೋಡರ್ ಬರಬೇಕು. ಪಿಕಪ್ ಕೆಲಸ ಏನಿದ್ದರೂ ಹಿಮ ಬೀಳುತ್ತಿರುವಾಗಲೇ, ಎರಡು ಮೂರು ಇಂಚಿಗೊಮ್ಮೆ ಹೋಗಿ ತಳ್ಳಿ ಬರುವುದು. ಹಾಗಾಗಿ "ದೊಡ್ಡ ಬಿರುಗಾಳಿಗೂ ಇರಲಿ" ಅಂತ ವಿಪರೀತ ದೊಡ್ಡ ಪ್ಲೋ ತಗೊಳ್ಳಬೇಡಿ. ಮಾಮೂಲಿ ರಾತ್ರಿಗೆ ತಕ್ಕಂತೆ ತಗೊಳ್ಳಿ.

ಹೆಜ್ಜೆ 2: ಪ್ಲೋ ಆರಿಸಿ, ತೂಕ ಬರೆದುಕೊಳ್ಳಿ

ಮೂರು ಬಗೆ ಮುಖ್ಯ. ನೇರ ಬ್ಲೇಡ್ ಸರಳ, ಅಗ್ಗ, ಕೆಡುವುದು ಕಮ್ಮಿ. ವಿ-ಪ್ಲೋ ಮಧ್ಯದಲ್ಲಿ ಮಡಚುತ್ತದೆ. ಗಟ್ಟಿಯಾದ ಹಿಮವನ್ನು ಸೀಳಿಕೊಂಡು ಹೋಗಲು ಒಂದು ಆಕಾರ, ಬಾಚಿಕೊಂಡು ಹೋಗಲು ಇನ್ನೊಂದು. ಮೂರನೆಯದು ಅಕ್ಕಪಕ್ಕದ ರೆಕ್ಕೆ ಹಿಗ್ಗುವ ಪ್ಲೋ, 8 ಅಡಿಯಿಂದ 10 ಅಡಿಯವರೆಗೆ ಅಗಲವಾಗುತ್ತದೆ. ದೊಡ್ಡ ಪಾರ್ಕಿಂಗ್‌ಗಳಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ತೂಕ ಜಾಸ್ತಿ, ಬೆಲೆಯೂ ಜಾಸ್ತಿ.

8 ಅಡಿಯ ಕಮರ್ಷಿಯಲ್ ನೇರ ಬ್ಲೇಡ್ ಸುಮಾರು 700ರಿಂದ 800 ಪೌಂಡ್ ತೂಗುತ್ತದೆ. ವಿ-ಪ್ಲೋ, ರೆಕ್ಕೆಯ ಪ್ಲೋಗಳು 850ರಿಂದ 1,000 ಪೌಂಡ್ ಆಸುಪಾಸು. (ಒಂದು ಪೌಂಡ್ ಅಂದರೆ 0.45 ಕೆಜಿ. ಇಲ್ಲಿನ ಸ್ಟಿಕ್ಕರ್‌ಗಳಲ್ಲಿ ಪೌಂಡೇ ಎದ್ದು ಕಾಣುವುದರಿಂದ ಅದರಲ್ಲೇ ಲೆಕ್ಕ ಹಾಕೋಣ.) ನಿಮ್ಮ ಆಯ್ಕೆಯ ಪ್ಲೋದ ನಿಖರ ತೂಕವನ್ನು ಕಂಪನಿಯ ಪಟ್ಟಿಯಿಂದಲೇ ಬರೆದುಕೊಳ್ಳಿ. ಟ್ರಕ್ಕಿಗೆ ಖಾಯಂ ಕೂರುವ ಮೌಂಟ್‌ನ ತೂಕ ಅದರಲ್ಲಿ ಸೇರಿದೆಯಾ ಅಂತಲೂ ನೋಡಿ.

ವೆಸ್ಟರ್ನ್, ಫಿಶರ್, ಸ್ನೋಎಕ್ಸ್ ಈ ಮೂರೂ ಡಗ್ಲಸ್ ಡೈನಾಮಿಕ್ಸ್ ಅನ್ನುವ ಒಂದೇ ಕಂಪನಿಯವು. ಬಾಸ್ ಈಗ ಟೋರೋ ಕಂಪನಿಯದು, 2014ರಿಂದ. ಮೇಯರ್, ಹಿನಿಕರ್ ಕೂಡ ಹಳೆಯ ಹೆಸರುಗಳೇ. ಇವುಗಳಲ್ಲಿ ನೆಲಕ್ಕೆ ತಾಗಿದ ಮ್ಯಾನ್‌ಹೋಲ್ ಮುಚ್ಚಳಕ್ಕೋ ಕರ್ಬ್ ಕಲ್ಲಿಗೋ ಬ್ಲೇಡ್ ಬಡಿದಾಗ ಏನಾಗುತ್ತದೆ ಅನ್ನುವುದು ಬೇರೆ ಬೇರೆ. ವೆಸ್ಟರ್ನ್‌ನ ನೇರ ಬ್ಲೇಡ್‌ಗಳಲ್ಲಿ ಇಡೀ ಬ್ಲೇಡ್ ಮುಂದಕ್ಕೆ ಬಾಗುತ್ತದೆ. ಫಿಶರ್‌ನಲ್ಲಿ ಕೆಳಗಿನ ಅಂಚು ಮಾತ್ರ ಮಡಚುತ್ತದೆ, ಹಿಮ ಬ್ಲೇಡಿನ ಮುಂದೆಯೇ ನಿಲ್ಲುತ್ತದೆ. ಎರಡಕ್ಕೂ ಅವರವರ ಅಭಿಮಾನಿಗಳಿದ್ದಾರೆ.

ಬ್ರ್ಯಾಂಡ್ ವಿಷಯದಲ್ಲಿ ನಾನು ಹೇಳುವುದು ಒಂದೇ ಮಾತು. ನಿಮ್ಮ ಮನೆಗೆ ಹತ್ತಿರದ, ಬಿರುಗಾಳಿಯ ರಾತ್ರಿಯೂ ಬಾಗಿಲು ತೆರೆದಿರುವ ಡೀಲರ್ ಯಾವುದನ್ನು ಮಾರುತ್ತಾನೋ ಅದನ್ನೇ ತಗೊಳ್ಳಿ. ರಾತ್ರಿ ಮೂರು ಗಂಟೆಗೆ ಹೈಡ್ರಾಲಿಕ್ ಹೋಸ್ ಒಡೆದರೆ ಬೇಕಾಗಿರುವುದು ಆ ಹೋಸ್, ಬೇರೇನೂ ಅಲ್ಲ.

ಹೆಜ್ಜೆ 3: ಮುಂದಿನ ಆಕ್ಸಲ್ ಲೆಕ್ಕ

ಇಡೀ ಖರೀದಿ ನಿಂತಿರುವುದು ಈ ಲೆಕ್ಕದ ಮೇಲೆ. ನಿಧಾನವಾಗಿ ಓದಿ.

ಡ್ರೈವರ್ ಕಡೆಯ ಬಾಗಿಲು ತೆಗೆದರೆ ಬಾಗಿಲ ಕಂಬದ ಮೇಲೋ ಬಾಗಿಲ ಅಂಚಿನಲ್ಲೋ ಒಂದು ಸ್ಟಿಕ್ಕರ್ ಅಂಟಿಸಿರುತ್ತಾರೆ. ಅದರಲ್ಲಿ ಜಿವಿಡಬ್ಲ್ಯುಆರ್ ಅಂತ ಒಂದು ಸಂಖ್ಯೆ. ಗಾಡಿ, ಜನ, ಸಾಮಾನು, ಪ್ಲೋ ಎಲ್ಲ ಸೇರಿ ಅದನ್ನು ದಾಟಬಾರದು. ಅದರ ಕೆಳಗೆ ಜಿಎಡಬ್ಲ್ಯುಆರ್ ಅಂತ ಎರಡು ಸಂಖ್ಯೆ, ಮುಂದಿನ ಆಕ್ಸಲ್‌ಗೆ ಒಂದು, ಹಿಂದಿನದಕ್ಕೆ ಒಂದು. ನಮಗೆ ಬೇಕಾದ್ದು ಮುಂದಿನದು. ಒಂದೇ ಮಾಡೆಲ್ಲಿನ ಎರಡು ಗಾಡಿ ಅಕ್ಕಪಕ್ಕ ನಿಂತಿದ್ದರೂ ಈ ಸಂಖ್ಯೆ ಬೇರೆ ಇರಬಹುದು. ಕಾರಣ, ಒಳಗೆ ಹಾಕಿರುವ ಸ್ಪ್ರಿಂಗ್ ಬೇರೆ. ಬ್ರೋಷರ್‌ನಲ್ಲಿ ಬರೆದದ್ದು ಬೇಡ, ನೀವು ಕೊಳ್ಳುವ ಗಾಡಿಯ ಬಾಗಿಲಲ್ಲಿ ಬರೆದದ್ದು ಬೇಕು.

ಈಗ ಪ್ಲೋ ತೂಕ. ಪ್ಲೋ ಮುಂದಿನ ಚಕ್ರದ ಮೇಲೆ ಕೂರುವುದಿಲ್ಲ, ಅದಕ್ಕಿಂತ ಮುಂದೆ ನೇತಾಡುತ್ತದೆ. ಬಾವಿಯ ಏತದಲ್ಲಿ ತುದಿಗೆ ಕಟ್ಟಿದ ಭಾರ ಹೇಗೆ ತನ್ನ ತೂಕಕ್ಕಿಂತ ಜಾಸ್ತಿ ಜಗ್ಗುತ್ತದೋ ಇದೂ ಹಾಗೆಯೇ. ಎತ್ತಿದ ಪ್ಲೋ ಮುಂದಿನ ಆಕ್ಸಲ್ ಮೇಲೆ ತನ್ನ ತೂಕಕ್ಕಿಂತ ಹೆಚ್ಚು ಒತ್ತುತ್ತದೆ, ಹಿಂದಿನ ಆಕ್ಸಲ್‌ನಿಂದ ಸ್ವಲ್ಪ ತೂಕ ಕದಿಯುತ್ತದೆ.

ಒಂದು ಉದಾಹರಣೆ. ಎರಡೂ ಆಕ್ಸಲ್ ನಡುವಿನ ದೂರ 12 ಅಡಿ. ಪ್ಲೋದ ಭಾರ ಮುಂದಿನ ಆಕ್ಸಲ್‌ನಿಂದ 4 ಅಡಿ ಮುಂದೆ. ಪ್ಲೋ ತೂಕ 850 ಪೌಂಡ್. 12ಕ್ಕೆ 4 ಕೂಡಿಸಿದರೆ 16. 850ನ್ನು 16ರಿಂದ ಗುಣಿಸಿ 12ರಿಂದ ಭಾಗಿಸಿ. ಸುಮಾರು 1,133 ಪೌಂಡ್ ಬರುತ್ತದೆ. ಅಂದರೆ 850 ಪೌಂಡಿನ ಪ್ಲೋ ಮುಂದಿನ ಆಕ್ಸಲ್ ಮೇಲೆ ಹಾಕುವ ಭಾರ 1,133. ಹಿಂದಿನ ಆಕ್ಸಲ್ 283 ಪೌಂಡ್ ಹಗುರವಾಗುತ್ತದೆ.

ಖಾಲಿ ಗಾಡಿಯ ಮುಂದಿನ ಆಕ್ಸಲ್ ಮೇಲೆ ಪೆಟ್ರೋಲ್ ಎಂಜಿನ್ ಇದ್ದಾಗ 4,300 ಪೌಂಡ್ ಇದೆ ಅಂದುಕೊಳ್ಳಿ. ಇಬ್ಬರು ಕೂತರೆ ಅವರ ತೂಕದಲ್ಲಿ ಸುಮಾರು 200 ಮುಂದಕ್ಕೆ ಬರುತ್ತದೆ. 4,300, 1,133, 200 ಕೂಡಿಸಿದರೆ 5,633. ಬಾಗಿಲ ಸ್ಟಿಕ್ಕರ್‌ನಲ್ಲಿ 6,000 ಇದ್ದರೆ ನೀವು ಪಾಸ್. ಅದೇ ಗಾಡಿಗೆ ಡೀಸೆಲ್ ಎಂಜಿನ್ ಹಾಕಿಸಿ, ಮುಂದಿನ ಭಾರ 4,800 ಆಯಿತು ಅನ್ನಿ. ಒಟ್ಟು 6,133. ಮಿತಿ ದಾಟಿತು. ಗಾಡಿ ಹೊರಗಿಂದ ನೋಡಲು ಒಂದೇ ಥರ, ಒಂದಕ್ಕೆ ಆ ಪ್ಲೋ ಸರಿ, ಇನ್ನೊಂದಕ್ಕೆ ತಪ್ಪು.

ಇಲ್ಲಿ ಹಿಂದಿನ ಭಾರದ ಮಾತು ಬರುತ್ತದೆ, ಬ್ಯಾಲಸ್ಟ್ ಅನ್ನುತ್ತಾರೆ. ಡಬ್ಬಿಯಲ್ಲಿ (ಸಾಮಾನು ಹೇರುವ ಹಿಂಭಾಗದಲ್ಲಿ), ಹಿಂದಿನ ಆಕ್ಸಲ್‌ಗಿಂತ 2 ಅಡಿ ಹಿಂದೆ 500 ಪೌಂಡ್ ಮರಳಿನ ಚೀಲ ಇಟ್ಟರೆ ಹಿಂದಿನ ಆಕ್ಸಲ್‌ಗೆ 583 ಸೇರುತ್ತದೆ, ಮುಂದಿನದು 83 ಇಳಿಯುತ್ತದೆ. ಹಿಡಿತ ಸಿಗುತ್ತದೆ, ಬ್ರೇಕ್ ಸರಿಯಾಗಿ ಹಿಡಿಯುತ್ತದೆ. ಅದೇ ಚೀಲಗಳನ್ನು ಕ್ಯಾಬಿನ್ ಗೋಡೆಗೆ ಒರಗಿಸಿ ಇಟ್ಟರೆ ಒಂದಷ್ಟು ಭಾರ ಮುಂದಿನ ಆಕ್ಸಲ್‌ಗೇ ಹೋಗುತ್ತದೆ. ಇಡುವುದು ಹಿಂದೆ, ಕಟ್ಟುವುದು ಗಟ್ಟಿಯಾಗಿ. ಗಾಡಿ ಯಾವುದಕ್ಕಾದರೂ ಗುದ್ದಿ ನಿಂತರೆ ಸಡಿಲ ಚೀಲ ನಿಮ್ಮ ಬೆನ್ನ ಕಡೆಗೇ ಹಾರುತ್ತದೆ. ಮೇಲಿನ ಡೀಸೆಲ್ ಲೆಕ್ಕದಲ್ಲಿ 83 ಕಳೆದರೂ 6,050. ಇನ್ನೂ ಮಿತಿಯ ಮೇಲೆಯೇ. ಬ್ಯಾಲಸ್ಟ್ ಎಲ್ಲ ತಪ್ಪನ್ನೂ ಸರಿ ಮಾಡುವುದಿಲ್ಲ.

ನಿಮ್ಮ ಕೈಲೆಕ್ಕವನ್ನು ಪ್ಲೋ ಕಂಪನಿಯ ವೆಬ್‌ಸೈಟಿನ ಹೊಂದಾಣಿಕೆ ಪುಟದಲ್ಲಿ ಪರೀಕ್ಷಿಸಿ. ಟ್ರಕ್ಕಿನ ವರ್ಷ, ಮಾಡೆಲ್, ಕ್ಯಾಬ್, ಎಂಜಿನ್, ಮುಂದಿನ ಜಿಎಡಬ್ಲ್ಯುಆರ್ ಇಂಥ ವಿವರ ಕೊಟ್ಟರೆ ಯಾವ ಪ್ಲೋ ಹೊಂದುತ್ತದೆ, ಹಿಂದೆ ಎಷ್ಟು ಭಾರ ಇಡಬೇಕು ಎಂದು ಹೇಳುತ್ತದೆ. ಅದು ಬೇಡ ಅಂದರೆ ಬೇಡ. "ಎಲ್ಲರೂ ಹಾಕಿಸ್ತಾರೆ ಬಿಡಿ" ಅನ್ನುವ ಸೇಲ್ಸ್‌ಮನ್ ಮಾತು ಕೇಳಬೇಡಿ.

ಹೆಜ್ಜೆ 4: ಯಾವ ದರ್ಜೆ, ಯಾವ ಕಂಪನಿ

ಹಾಫ್ ಟನ್, ಮುಕ್ಕಾಲು ಟನ್, ಒಂದು ಟನ್ ಅನ್ನುವ ಹೆಸರುಗಳು ಹಳೆಯ ಕಾಲದವು, ಈಗ ಹೊರುವ ತೂಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಫೋರ್ಡ್‌ನ ಎಫ್-150, ಬೇರೆ ಕಂಪನಿಗಳ 1500 ಅಂದರೆ ಹಾಫ್ ಟನ್. ಎಫ್-250, 2500 ಮುಕ್ಕಾಲು ಟನ್. ಎಫ್-350, 3500 ಒಂದು ಟನ್. ದುಡ್ಡಿಗಾಗಿ ಪ್ಲೋ ಮಾಡುವುದಾದರೆ ಹಾಫ್ ಟನ್ ಮರೆತುಬಿಡಿ. ಸ್ವಂತ ಡ್ರೈವ್‌ವೇಗೆ ಹಗುರ ಬ್ಲೇಡ್ ಆದರೆ ನಡೆಯುತ್ತದೆ, ಇಡೀ ಸೀಸನ್ ದುಡಿಸಿದರೆ ಮುಂಭಾಗ ಬೇಗ ಸವೆಯುತ್ತದೆ.

ಮುಕ್ಕಾಲೋ ಒಂದೋ ಅನ್ನುವುದನ್ನು ನಿರ್ಧರಿಸುವುದು ಬಹಳ ಸಲ ಉಪ್ಪು. ಹಿಂಬಾಗಿಲಿಗೆ ತಗುಲಿಸುವ ಸಣ್ಣ ಸ್ಪ್ರೆಡರ್ (ಉಪ್ಪು ಎರಚುವ ಯಂತ್ರ) ಆದರೆ 2500 ಸಾಕು. ಡಬ್ಬಿಯಲ್ಲಿ ಕೂರುವ ದೊಡ್ಡ ಉಪ್ಪಿನ ಪೆಟ್ಟಿಗೆ, ಅಂದರೆ ವಿ-ಬಾಕ್ಸ್ ಆದರೆ ಲೆಕ್ಕ ಹಾಕಿ. ಒಂದು ಘನ ಗಜ ಉಪ್ಪು ಸುಮಾರು ಒಂದು ಟನ್. 2 ಗಜದ ವಿ-ಬಾಕ್ಸ್ ತುಂಬಿದರೆ ಉಪ್ಪೇ 4,000 ಪೌಂಡ್ ಮೀರುತ್ತದೆ, ಪೆಟ್ಟಿಗೆಯ ತೂಕ ಬೇರೆ, ಮುಂದೆ ಪ್ಲೋ ಬೇರೆ. ಡೀಸೆಲ್ ಎಂಜಿನ್, ನಾಲ್ಕು ಬಾಗಿಲ ಕ್ಯಾಬ್ ಇರುವ ಕೆಲವು ಮುಕ್ಕಾಲು ಟನ್ ಗಾಡಿಗಳ ಒಟ್ಟು ಹೊರುವ ಶಕ್ತಿಯೇ 2,000 ಪೌಂಡ್ ಆಸುಪಾಸು. ವಿ-ಬಾಕ್ಸ್ ಮನಸ್ಸಿನಲ್ಲಿದ್ದರೆ ನೇರವಾಗಿ ಒಂದು ಟನ್ನಿಗೆ ಹೋಗಿ. ಬೆಲೆಯ ವ್ಯತ್ಯಾಸ ನೀವು ಅಂದುಕೊಂಡಷ್ಟು ಇರುವುದಿಲ್ಲ.

ಹೊಸದು ಅಂದರೆ ಆಯ್ಕೆ ಮೂರೇ ಮನೆತನ: ಫೋರ್ಡ್ ಸೂಪರ್ ಡ್ಯೂಟಿ, ರ‍್ಯಾಮ್, ಜನರಲ್ ಮೋಟರ್ಸ್‌ನ ಶೆವರ್ಲೆ ಸಿಲ್ವೆರಾಡೊ ಎಚ್‌ಡಿ ಮತ್ತು ಜಿಎಂಸಿ ಸಿಯೆರಾ ಎಚ್‌ಡಿ. ಫೋರ್ಡ್, ರ‍್ಯಾಮ್‌ಗಳಲ್ಲಿ ನಾಲ್ಕು ಚಕ್ರ ಚಾಲನೆಯ ಗಾಡಿಗೆ ಮುಂದೆ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್. ಜಿಎಂನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ಆಡುವ ವ್ಯವಸ್ಥೆ, ಟಾರ್ಶನ್ ಬಾರ್. ಹಿಮ ಇಲ್ಲದ ದಿನ ಓಡಿಸಲು ಜಿಎಂ ಹಿತ. ಗಟ್ಟಿ ಆಕ್ಸಲ್ ಸರಳ, ಹೊಡೆತ ತಡೆಯುತ್ತದೆ. ಇವೆರಡರಲ್ಲಿ ಒಂದು ಕೆಟ್ಟದ್ದು ಅನ್ನಲಾಗದು. ಮೂರೂ ಕಂಪನಿಯ ಗಾಡಿಗಳು ಚಳಿಗಾಲವಿಡೀ ಪ್ಲೋ ಹೊತ್ತು ಓಡಾಡುತ್ತಿವೆ. ರ‍್ಯಾಮ್ 2500ರಲ್ಲಿ ಹಿಂದೆಯೂ ಕಾಯಿಲ್ ಸ್ಪ್ರಿಂಗ್ ಇದೆ, 3500ರಲ್ಲಿ ಪಟ್ಟೆ ಸ್ಪ್ರಿಂಗ್. ಹಿಂದೆ ಉಪ್ಪು ಹೊರುವವರು ಇದನ್ನು ಗಮನಿಸಬೇಕು.

ಹೆಜ್ಜೆ 5: ಪ್ಲೋ ಪ್ರೆಪ್ ಪ್ಯಾಕೇಜ್ ಬಿಡಬೇಡಿ

ಫ್ಯಾಕ್ಟರಿಯಲ್ಲೇ ಹಾಕಿಸಬೇಕಾದ ಆಯ್ಕೆ ಇದು. ಮುಂದೆ ಬಲವಾದ ಸ್ಪ್ರಿಂಗ್ ಬರುತ್ತದೆ, ಅದಕ್ಕೆ ತಕ್ಕ ಹಾಗೆ ಬಾಗಿಲ ಸ್ಟಿಕ್ಕರ್‌ನ ಸಂಖ್ಯೆಯೂ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ದೊಡ್ಡದು ಬರುತ್ತದೆ. ಕಂಪನಿಗೆ ತಕ್ಕಂತೆ ತಳದ ರಕ್ಷಣೆ ತಗಡು, ಚಾವಣಿ ದೀಪಕ್ಕೆ ವೈರಿಂಗ್ ಇತ್ಯಾದಿ ಸೇರಿರುತ್ತವೆ. ಫೋರ್ಡ್‌ನಲ್ಲಿ ಇದರ ಕೋಡ್ 473, ಜಿಎಂನಲ್ಲಿ ವಿವೈಯು. ರ‍್ಯಾಮ್‌ನಲ್ಲಿ ಸ್ನೋ ಚೀಫ್ ಗ್ರೂಪ್ ಅನ್ನುವ ಹೆಸರೂ ಕೇಳಿಸುತ್ತದೆ.

ಇದರ ಬೆಲೆ ಕೆಲವು ನೂರು ಡಾಲರ್ ಅಷ್ಟೇ. ಬಿಟ್ಟು ಆಮೇಲೆ ಹೊರಗೆ ಸ್ಪ್ರಿಂಗ್ ಬದಲಿಸಿದರೆ ಗಾಡಿ ಕೆಳಗೆ ಜಗ್ಗುವುದು ನಿಲ್ಲಬಹುದು, ಆದರೆ ಸ್ಟಿಕ್ಕರ್‌ನ ಸಂಖ್ಯೆ ಬದಲಾಗುವುದಿಲ್ಲ. ಕಂಪನಿ ವಾರಂಟಿ, ವಿಮೆ ಎರಡೂ ನೋಡುವುದು ಆ ಸಂಖ್ಯೆಯನ್ನೇ. ಡೀಲರ್ ಅಂಗಳದಲ್ಲಿ ನಿಂತ ಗಾಡಿ ಕೊಳ್ಳುವುದಾದರೆ ಕಿಟಕಿಗೆ ಅಂಟಿಸಿದ ಬೆಲೆಪಟ್ಟಿಯಲ್ಲಿ ಈ ಸಾಲು ಇದೆಯೇ ಅಂತ ನೀವೇ ಓದಿ. ಸೇಲ್ಸ್‌ಮನ್ ಹೌದು ಅಂದ ಅಂತ ನಂಬಬೇಡಿ. ಕೆಲವು ಟ್ರಿಮ್ (ಸೌಲಭ್ಯಗಳ ದರ್ಜೆ), ಕೆಲವು ಎಂಜಿನ್ ಜೊತೆ ಈ ಪ್ಯಾಕೇಜ್ ಸಿಗುವುದೇ ಇಲ್ಲ. ಸಿಗುವುದಿಲ್ಲ ಅಂದರೆ ಆ ಜೋಡಿ ಪ್ಲೋಗೆ ಬೇಡ ಅಂತ ಕಂಪನಿಯೇ ಹೇಳಿದ ಹಾಗೆ.

ಕರೆಂಟಿನ ವಿಷಯ ಲಘುವಾಗಿ ನೋಡಬೇಡಿ. ಬ್ಲೇಡ್ ಎತ್ತುವ ಪಂಪ್ ಪ್ರತಿ ಸಲ ಬ್ಯಾಟರಿಯಿಂದ ಭಾರಿ ಕರೆಂಟ್ ಎಳೆಯುತ್ತದೆ. ಜೊತೆಗೆ ಹೀಟರ್, ವೈಪರ್, ತಿರುಗುವ ದೀಪ, ಸ್ಪ್ರೆಡರ್ ಮೋಟರ್. ಎಂಜಿನ್ ಓಡುತ್ತಿರುವುದು ನಿಧಾನ ವೇಗದಲ್ಲಿ. ಜೋಡಿ ಬ್ಯಾಟರಿ, ಜೋಡಿ ಆಲ್ಟರ್ನೇಟರ್ ಸಿಕ್ಕರೆ ಕಣ್ಣುಮುಚ್ಚಿ ಹಾಕಿಸಿ. ಡ್ಯಾಶ್‌ಬೋರ್ಡ್ ಮೇಲೆ ಹೆಚ್ಚುವರಿ ಸ್ವಿಚ್‌ಗಳು ಬರುವ ಆಯ್ಕೆ ಇದ್ದರೆ ಅದನ್ನೂ ತಗೊಳ್ಳಿ, ಆಮೇಲೆ ವೈರ್ ಕತ್ತರಿಸುವ ಗೋಜು ಇರುವುದಿಲ್ಲ.

ಹೆಜ್ಜೆ 6: ಪೆಟ್ರೋಲೋ ಡೀಸೆಲ್ಲೋ

ಪ್ಲೋ ಮುಖ್ಯ ಕೆಲಸ ಆದರೆ ಪೆಟ್ರೋಲ್. ನನ್ನ ಮಟ್ಟಿಗೆ ಇದರಲ್ಲಿ ಅನುಮಾನ ಇಲ್ಲ. ಇಲ್ಲಿ ಅದನ್ನೇ ಗ್ಯಾಸ್ ಎಂಜಿನ್ ಅನ್ನುತ್ತಾರೆ. ಫೋರ್ಡ್‌ನ 7.3 ಲೀಟರ್, ಜಿಎಂನ 6.6 ಲೀಟರ್, ರ‍್ಯಾಮ್‌ನ 6.4 ಲೀಟರ್ ವಿ8 ಯಾವುದಾದರೂ ಈ ಕೆಲಸಕ್ಕೆ ಧಾರಾಳ.

ಡೀಸೆಲ್‌ಗೆ ಸುಮಾರು 10,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಕೊಡಬೇಕು. ಮುಂದಿನ ಆಕ್ಸಲ್ ಮೇಲೆ ನೂರಾರು ಪೌಂಡ್ ಸೇರುತ್ತದೆ, ಆಗಲೇ ಲೆಕ್ಕದಲ್ಲಿ ನೋಡಿದಿರಿ. ಕೊರೆಯುವ ಚಳಿಯಲ್ಲಿ ಬೆಚ್ಚಗಾಗಲು ನಿಧಾನ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಸ್ವಚ್ಛವಾಗಬೇಕಾದರೆ ಎಂಜಿನ್ ಒಂದಷ್ಟು ಹೊತ್ತು ಚೆನ್ನಾಗಿ ಬಿಸಿಯಾಗಿ ಓಡಬೇಕು. ಪ್ಲೋ ಕೆಲಸದಲ್ಲಿ ಬರೀ ಹಿಂದೆ ಮುಂದೆ, ನಿಂತು ಕಾಯುವುದು. ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತದೆ. ಡೀಸೆಲ್ ಹೊಗೆ ಶುದ್ಧ ಮಾಡಲು ಹಾಕುವ ಡಿಇಎಫ್ ದ್ರವ ಮೈನಸ್ 11 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಟ್ಯಾಂಕಿನಲ್ಲಿ ಹೀಟರ್ ಇದೆ ನಿಜ, ಆದರೆ ಕೆಡುವ ಭಾಗ ಇನ್ನೊಂದು ಸೇರಿತು ಅಲ್ವಾ?

ಬೇಸಿಗೆಯಿಡೀ ಭಾರಿ ಟ್ರೇಲರ್ ಎಳೆಯುವವರಿಗೆ ಮಾತ್ರ ಡೀಸೆಲ್ ಹೊಂದುತ್ತದೆ. ಹಾಗಿದ್ದರೆ ಪ್ಲೋ ಹಗುರ ಮಾಡಿ, ಇಲ್ಲವೇ ಒಂದು ಟನ್ ಗಾಡಿಗೆ ಹೋಗಿ, ಚಳಿಗಾಲದ ಡೀಸೆಲ್, ನಿಂತ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ಎರಡಕ್ಕೂ ತಯಾರಾಗಿರಿ. ಮೈಲೇಜ್ ಹೋಲಿಸಿ ನೋಡೋಣ ಅಂದರೆ ಕಿಟಕಿಯ ಪಟ್ಟಿಯಲ್ಲಿ ಆ ಸಂಖ್ಯೆ ಸಿಗುವುದಿಲ್ಲ. ಅಮೆರಿಕದಲ್ಲಿ 8,500 ಪೌಂಡ್ ಜಿವಿಡಬ್ಲ್ಯುಆರ್ ದಾಟಿದ ಪಿಕಪ್‌ಗಳಿಗೆ ಸರ್ಕಾರಿ ಮೈಲೇಜ್ ಚೀಟಿ ಇಲ್ಲ.

ಹೆಜ್ಜೆ 7: ಕ್ಯಾಬ್, ಟ್ರಿಮ್, ಟೈರ್

ಎರಡೇ ಬಾಗಿಲಿನ ರೆಗ್ಯುಲರ್ ಕ್ಯಾಬ್, 8 ಅಡಿ ಡಬ್ಬಿ. ಪ್ಲೋಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಹಗುರ, ಚಿಕ್ಕದಾಗಿ ತಿರುಗುತ್ತದೆ, ಹಿಂದೆ ತಿರುಗಿ ನೋಡಿದರೆ ಚೆನ್ನಾಗಿ ಕಾಣುತ್ತದೆ. ಮನೆಯವರನ್ನೂ ಕೂರಿಸಿಕೊಂಡು ಓಡಾಡಬೇಕು ಅಂದರೆ ಮಧ್ಯದ ಗಾತ್ರದ ಕ್ಯಾಬ್‌ಗೆ ರಾಜಿ ಆಗಿ, ತೂಕದ ಲೆಕ್ಕ ಮತ್ತೆ ಮಾಡಿ.

ಟ್ರಿಮ್ ಕೆಳಗಿನದೇ ಸಾಕು: ಫೋರ್ಡ್‌ನಲ್ಲಿ ಎಕ್ಸ್‌ಎಲ್, ರ‍್ಯಾಮ್‌ನಲ್ಲಿ ಟ್ರೇಡ್ಸ್‌ಮನ್, ಶೆವರ್ಲೆಯಲ್ಲಿ ವರ್ಕ್ ಟ್ರಕ್. ದುಡ್ಡು ಉಳಿಯುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ದೊಡ್ಡದು. ಮೇಲಿನ ಟ್ರಿಮ್‌ಗಳಲ್ಲಿ ಮುಂದಿನ ರಾಡಾರ್, ಕ್ಯಾಮೆರಾ, ಪಾರ್ಕಿಂಗ್ ಸೆನ್ಸರ್ ಜಾಸ್ತಿ. ಬ್ಲೇಡ್ ಎತ್ತಿದರೆ ಅವೆಲ್ಲದರ ಕಣ್ಣಿಗೆ ಗೋಡೆ ಕಟ್ಟಿದಂತೆ. ಎಚ್ಚರಿಕೆ ದೀಪ, ಬೀಪ್ ಶಬ್ದ ನಿಲ್ಲುವುದೇ ಇಲ್ಲ. ಹೆಡ್‌ಲೈಟ್ ಹ್ಯಾಲೊಜನ್ನಾ ಎಲ್‌ಇಡಿನಾ ಅಂತ ಪ್ಲೋ ಡೀಲರ್‌ಗೆ ಮೊದಲೇ ಹೇಳಿ, ಹಾಕುವ ವೈರಿಂಗ್ ಬೇರೆ ಬೇರೆ. ಕ್ಯಾಬಿನ್ ನೆಲಕ್ಕೆ ರಬ್ಬರ್ ಹಾಸು ಇರಲಿ, ಕಾರ್ಪೆಟ್ ಬೇಡ. ಬಿಸಿಯಾಗುವ ಕನ್ನಡಿ ಮಾತ್ರ ಬೇಕೇ ಬೇಕು.

ನಾಲ್ಕು ಚಕ್ರ ಚಾಲನೆ ಹೇಗೂ ಇರಬೇಕು. ಹಿಂದಿನ ಡಿಫರೆನ್ಷಿಯಲ್ ಲಾಕ್ ಆಗುವಂಥದ್ದು ಇರಲಿ. ಟೈರ್ ಎಲ್‌ಟಿ ಬಗೆಯದು, ಲೋಡ್ ರೇಂಜ್ ಇ, ಪಕ್ಕದಲ್ಲಿ ಮೂರು ಶಿಖರದ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇರುವಂಥದ್ದು. ಅಗಲ ಟೈರ್ ಚಂದ ಕಾಣುತ್ತದೆ, ಕಿರಿದಾದದ್ದು ಹಿಮ ಸೀಳಿ ನೆಲ ಹಿಡಿಯುತ್ತದೆ. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರಿನಂಥ ಹಗುರ ವಾಹನಗಳಿಗೆ ಚಳಿಗಾಲದ ಟೈರ್ ಕಡ್ಡಾಯ, ನಿಮ್ಮ ಟ್ರಕ್ಕಿಗೂ ಅನ್ವಯಿಸುತ್ತದೆಯೇ ಅಂತ ಕೇಳಿಕೊಳ್ಳಿ.

ಹೆಜ್ಜೆ 8: ಕಾಗದ ಪತ್ರ, ವಿಮೆ, ತೆರಿಗೆ

ಅಮೆರಿಕದಲ್ಲಿ 10,001 ಪೌಂಡ್ ಅಥವಾ ಜಾಸ್ತಿ ಜಿವಿಡಬ್ಲ್ಯುಆರ್ ಇರುವ ಗಾಡಿಯನ್ನು ವ್ಯಾಪಾರಕ್ಕೆ ರಾಜ್ಯದ ಗಡಿ ದಾಟಿ ಓಡಿಸಿದರೆ ಯುಎಸ್‌ಡಿಒಟಿ ನಂಬರ್ ಬೇಕು. ಹಲವು ರಾಜ್ಯಗಳು ಒಳಗೆ ಓಡಿಸಿದರೂ ಕೇಳುತ್ತವೆ. ಒಂಟಾರಿಯೊದಲ್ಲಿ 4,500 ಕೆಜಿ ದಾಟಿದ ವಾಣಿಜ್ಯ ಟ್ರಕ್‌ಗೆ ಸಿವಿಒಆರ್ ಅನ್ನುವ ವಾಣಿಜ್ಯ ವಾಹನ ನೋಂದಣಿ ಇದೆ. ಎಷ್ಟೋ ಮುಕ್ಕಾಲು ಟನ್ ಗಾಡಿಗಳು ಸರಿಯಾಗಿ 10,000 ಪೌಂಡ್‌ಗೆ ನಿಂತಿರುವುದು ಇದೇ ಕಾರಣಕ್ಕೆ. ಆದರೆ ಬರೀ ಈ ಕಾಗದ ತಪ್ಪಿಸಲು ಚಿಕ್ಕ ಗಾಡಿ ತಗೊಂಡು ಅದರ ಮೇಲೆ ಭಾರಿ ಪ್ಲೋ ಕೂರಿಸಬೇಡಿ. ಕಾಗದ ಒಂದು ಮಧ್ಯಾಹ್ನದ ಕೆಲಸ.

ಮಾಮೂಲಿ ಮನೆ ಕಾರಿನ ವಿಮೆ ದುಡ್ಡಿಗಾಗಿ ಮಾಡುವ ಪ್ಲೋ ಕೆಲಸಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಕಮರ್ಷಿಯಲ್ ಆಟೋ ವಿಮೆ ಒಂದು, ಹೊಣೆಗಾರಿಕೆ ವಿಮೆ ಇನ್ನೊಂದು. ನೀವು ತೆರವು ಮಾಡಿ ಹೋದ ಪಾರ್ಕಿಂಗ್‌ನಲ್ಲಿ ಯಾರಾದರೂ ಜಾರಿ ಬಿದ್ದರೆ ಕೇಸು ಬರುವುದು ನಿಮ್ಮ ಮೇಲೂ. ಎರಡನೇ ವಿಮೆಯಲ್ಲಿ ಹಿಮ ತೆಗೆಯುವ ಕೆಲಸ ಸೇರಿದೆ ಅಂತ ಬರಹದಲ್ಲಿ ಇರಬೇಕು. ಟ್ರಕ್ಕಿಗೆ ಸಹಿ ಹಾಕುವ ಮೊದಲೇ ಈ ದರ ಕೇಳಿ. ಅದು ಕೈ ಕಚ್ಚುವಷ್ಟು ಇದ್ದರೆ ಇಡೀ ಯೋಜನೆಯ ಲೆಕ್ಕವೇ ಬೇರೆ ಆಗುತ್ತದೆ.

ಅಮೆರಿಕದ ತೆರಿಗೆಯಲ್ಲಿ ಸೆಕ್ಷನ್ 179 ಅಂತ ಇದೆ. ಅರ್ಧಕ್ಕಿಂತ ಜಾಸ್ತಿ ವ್ಯಾಪಾರಕ್ಕೆ ಬಳಸುವ ಗಾಡಿಯ ಬೆಲೆಯನ್ನು ಕೊಂಡು ಬಳಕೆಗೆ ಇಳಿಸಿದ ವರ್ಷವೇ ತೆರಿಗೆಯ ಲೆಕ್ಕದಲ್ಲಿ ಆದಾಯದಿಂದ ಕಳೆಯಬಹುದು. ಭಾರಿ ಎಸ್‌ಯುವಿಗಳಿಗೆ ಇರುವ ಮಿತಿ, ಒಳಗಿನ ಉದ್ದ 6 ಅಡಿ ಅಥವಾ ಜಾಸ್ತಿ ಇರುವ ಡಬ್ಬಿಯ ಪಿಕಪ್‌ಗೆ ಇಲ್ಲ. ನಿಮ್ಮ ಅಕೌಂಟೆಂಟ್ ಹತ್ತಿರ ಒಂದು ಸಲ ಮಾತಾಡಿ.

ಹೆಜ್ಜೆ 9: ಯಾವಾಗ, ಹೇಗೆ ಕೊಳ್ಳುವುದು

ವಸಂತದಲ್ಲಿ ಅಥವಾ ಬೇಸಿಗೆ ಶುರುವಿನಲ್ಲಿ ಆರ್ಡರ್ ಮಾಡಿ. ಫ್ಯಾಕ್ಟರಿಯಿಂದ ಬರಲು ವಾರಗಳಿಂದ ತಿಂಗಳುಗಳೇ ಆಗಬಹುದು. ಪ್ಲೋ ಕೂರಿಸುವ ಅಂಗಡಿಗಳು ಅಕ್ಟೋಬರ್‌ನಲ್ಲಿ ತುಂಬಿ ತುಳುಕುತ್ತಿರುತ್ತವೆ. ಮೊದಲ ಹಿಮಕ್ಕೆ ಮೊದಲು ಒಂದಷ್ಟು ಮೈಲಿ ಓಡಿಸಿ ಹೊಸ ಎಂಜಿನ್, ಆಕ್ಸಲ್ ಹದವಾಗಲಿ.

ಮಾಮೂಲಿ ಸೇಲ್ಸ್ ವಿಭಾಗಕ್ಕೆ ಹೋಗಬೇಡಿ, ಕಮರ್ಷಿಯಲ್ ಅಥವಾ ಫ್ಲೀಟ್ ವಿಭಾಗದವರನ್ನು ಕೇಳಿ. ಅವರಿಗೆ ಪ್ಲೋ ಭಾಷೆ ಗೊತ್ತಿರುತ್ತದೆ. ವ್ಯಾಪಾರ ನೋಂದಣಿ ಇದ್ದರೆ ಪ್ಲೋ, ಸ್ಪ್ರೆಡರ್ ಕೂರಿಸುವುದಕ್ಕೆ ಕಂಪನಿ ಕೊಡುವ ರಿಯಾಯಿತಿ ಇರುತ್ತದೆ, ಬಾಯಿಬಿಟ್ಟು ಕೇಳದಿದ್ದರೆ ಕೊಡುವುದಿಲ್ಲ. ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ: ಈ ಗಾಡಿಯ ಮುಂದಿನ ಜಿಎಡಬ್ಲ್ಯುಆರ್ ಎಷ್ಟು? ಪ್ಲೋ ಪ್ರೆಪ್ ಕೋಡ್ ಪಟ್ಟಿಯಲ್ಲಿ ಎಲ್ಲಿದೆ? ಆಲ್ಟರ್ನೇಟರ್ ಎಷ್ಟು ಆಂಪ್? ತೆರಿಗೆ, ಶುಲ್ಕ ಎಲ್ಲ ಸೇರಿ ಬಾಗಿಲಿಂದ ಹೊರಗೆ ಹೋಗುವ ಬೆಲೆ ಎಷ್ಟು?

ಕೆಳಗಿನ ಟ್ರಿಮ್‌ನ 4x4 ಮುಕ್ಕಾಲು ಟನ್ ಈಗ 50,000 ಡಾಲರ್ ಆಸುಪಾಸಿನಿಂದ ಶುರು. ಪ್ಲೋ ಸೇರಿದರೆ ಬಗೆ ನೋಡಿಕೊಂಡು ಇನ್ನೂ 7,000ದಿಂದ 11,000. ಪ್ಲೋ ಹಾಕಿಯೇ ನಿಲ್ಲಿಸಿದ ಗಾಡಿ ಕೊಳ್ಳುವುದಾದರೆ ಎರಡರ ಬೆಲೆಯನ್ನೂ ಬೇರೆ ಬೇರೆ ಬರೆಸಿಕೊಳ್ಳಿ, ಒಟ್ಟು ಅಂಕಿ ನೋಡಿ ಮೋಸ ಹೋಗಬೇಡಿ. ಕೊನೆಯಲ್ಲಿ ಹಣಕಾಸಿನ ಕೋಣೆಯಲ್ಲಿ ಎಲೆಕ್ಟ್ರಾನಿಕ್ ತುಕ್ಕು ತಡೆ ಸಾಧನ ಅಂತ ಒಂದು ಮಾರುತ್ತಾರೆ. ಬೇಡ ಅನ್ನಿ.

ಹೆಜ್ಜೆ 10: ಮೊದಲ ಹಿಮಕ್ಕೆ ಮೊದಲು

ತುಕ್ಕಿಗೆ ನಿಜವಾದ ಮದ್ದು ಎಣ್ಣೆ ಸ್ಪ್ರೇ. ರಸ್ತೆಗೆ ಈಗ ಉಪ್ಪಿನ ನೀರು, ಮೆಗ್ನೀಷಿಯಂ ಕ್ಲೋರೈಡ್ ಸುರಿಯುತ್ತಾರೆ, ಅದು ಸಂದುಗೊಂದುಗಳಲ್ಲಿ ಇಳಿಯುತ್ತದೆ. ಫ್ಲೂಯಿಡ್ ಫಿಲ್ಮ್, ಕ್ರೌನ್ ಥರದ್ದನ್ನು ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿಗೆ ಚಾಸಿ, ಬ್ರೇಕ್ ಪೈಪು, ಬಾಗಿಲುಗಳ ಒಳಗೆಲ್ಲ ಹೊಡೆಸಿ. ಗಟ್ಟಿಯಾದ ರಬ್ಬರ್ ಲೇಪನ ಬಿರುಕು ಬಿಟ್ಟರೆ ನೀರನ್ನು ಒಳಗೇ ಹಿಡಿದಿಡುತ್ತದೆ. ಫೋರ್ಡ್ ಸೂಪರ್ ಡ್ಯೂಟಿಯ ಮೈ 2017ರಿಂದ ಅಲ್ಯುಮಿನಿಯಂ, ಆದರೆ ಚಾಸಿ ಉಕ್ಕಿನದೇ. ಪ್ಲೋ ವೈರಿನ ಪ್ರತಿ ಕನೆಕ್ಟರ್‌ಗೂ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿಸಿ.

ಪ್ಲೋ ಕೂರಿಸಿದ ದಿನವೇ ಬ್ಯಾಲಸ್ಟ್ ಇಟ್ಟು, ಟ್ಯಾಂಕ್ ತುಂಬಿಸಿ, ಹೆದ್ದಾರಿಯ ಟ್ರಕ್ ಸ್ಟಾಪ್‌ನಲ್ಲಿರುವ ಕ್ಯಾಟ್ ಸ್ಕೇಲ್‌ಗೆ ಹೋಗಿ. ಮುಂದಿನ ಚಕ್ರ ಒಂದು ಹಲಗೆ ಮೇಲೆ, ಹಿಂದಿನದು ಇನ್ನೊಂದರ ಮೇಲೆ ಬರುವ ಹಾಗೆ ನಿಲ್ಲಿಸಿ, ಬ್ಲೇಡ್ ಎತ್ತಿ ಹಿಡಿಯಿರಿ. ಹಲಗೆಗಳ ಹೊರಗೆ ಬ್ಲೇಡ್ ತಾಗಬಾರದು. ಚೀಟಿಯಲ್ಲಿ ಎರಡೂ ಆಕ್ಸಲ್ ತೂಕ ಬೇರೆ ಬೇರೆ ಬರುತ್ತದೆ. ಮೂರನೇ ಹೆಜ್ಜೆಯ ನಿಮ್ಮ ಲೆಕ್ಕದ ಪಕ್ಕ ಅದನ್ನಿಟ್ಟು ನೋಡಿ. ಮುಂದಿನದು ಜಾಸ್ತಿ ಬಂದರೆ ಬ್ಯಾಲಸ್ಟ್ ಇನ್ನಷ್ಟು ಹಿಂದಕ್ಕೆ ಸರಿಸಿ ಮತ್ತೆ ತೂಗಿಸಿ, ಆಗಲೂ ದಾಟುತ್ತಿದ್ದರೆ ಪ್ಲೋ ಬದಲಿಸುವ ಮಾತು ಡೀಲರ್ ಹತ್ತಿರ ಆಗಲೇ ಆಡಿ. ಆ ಚೀಟಿಯನ್ನು ಗಾಡಿಯ ಕಾಗದಗಳ ಜೊತೆ ಇಡಿ.

ದಾರಿಯಲ್ಲಿ ಬ್ಲೇಡನ್ನು ತೀರಾ ಮೇಲೆ ಎತ್ತಬೇಡಿ, ರೇಡಿಯೇಟರ್‌ಗೆ ಗಾಳಿ ಸಿಗುವಂತೆ ಸ್ವಲ್ಪ ಓರೆ ಇರಲಿ. ಎಂಜಿನ್ ಬಿಸಿ ತೋರಿಸುವ ಮುಳ್ಳು ಏರುತ್ತಿದ್ದರೆ ಮೊದಲು ನೋಡಬೇಕಾದ್ದು ಬ್ಲೇಡಿನ ಎತ್ತರ. ಪ್ಲೋ ಹೊತ್ತಾಗ ಗಂಟೆಗೆ 40–45 ಮೈಲಿ ದಾಟಬೇಡಿ. ಮುಂದಿನಿಂದ ಹಿಂದಿನ ಗೇರಿಗೆ ಹಾಕುವ ಮೊದಲು ಗಾಡಿ ಪೂರ್ತಿ ನಿಲ್ಲಲಿ, ಗೇರ್‌ಬಾಕ್ಸ್ ಉಳಿಯುವುದು ಈ ಒಂದು ಅಭ್ಯಾಸದಿಂದ. ಮೊದಲ ರಾತ್ರಿಯ ಕೆಲಸ ಮುಗಿದ ಮೇಲೆ ಮೌಂಟ್‌ನ ಬೋಲ್ಟ್‌ಗಳನ್ನು ಪುಸ್ತಕದಲ್ಲಿ ಹೇಳಿದ ಬಿಗಿಗೆ ಮತ್ತೊಮ್ಮೆ ತಿರುಗಿಸಿ, ಹೋಸ್‌ಗಳ ಕೊನೆ ಒರೆಸಿ ಎಣ್ಣೆ ಜಿನುಗುತ್ತಿದೆಯೇ ನೋಡಿ, ಪ್ಲೋ ದೀಪಗಳ ಕೋನ ಸರಿಪಡಿಸಿಕೊಳ್ಳಿ.